ನಗುವಿಗೆ ಜೋಕ್ ಬೇಕಿಲ್ಲ, ಜನ ಬೇಕು

ಹೈದರಾಬಾದಿನ ಕಾಚಿಗುಡದಿಂದ ಓದುಗರೊಬ್ಬರು ಕೇಳಿದ್ದಾರೆ: "ರಿಟೈರ್ ಆದಮೇಲೆ ದಿನಾ ಬೆಳಿಗ್ಗೆ ಪಾರ್ಕಿಗೆ ವಾಕಿಂಗ್ ಹೋಗುತ್ತೇನೆ. ಅಲ್ಲಿ ಲಾಫಿಂಗ್ ಕ್ಲಬ್ಬಿನವರು ನನ್ನನ್ನೂ ಕರೆಯುತ್ತಿದ್ದಾರೆ. ನಗು ಬಾರದಿದ್ದರೂ ನಗಬೇಕಂತೆ. ಇದರಿಂದ ಬಿಪಿ, ಶುಗರ್ ಎಲ್ಲ ಇಳಿಯುತ್ತದೆ ಎನ್ನುತ್ತಾರೆ, ನಿಜವೇ?"

ಈ ಕ್ಲಬ್ಬುಗಳ ಮೂಲ ಮುಂಬೈ. 1995ರ ಮಾರ್ಚ್ 13ರಂದು ಡಾ. ಮದನ್ ಕಟಾರಿಯಾ ಎಂಬ ವೈದ್ಯರು ಲೋಖಂಡ್‌ವಾಲಾದ ಪಾರ್ಕೊಂದರಲ್ಲಿ ಐದು ಜನರನ್ನು ಕೂಡಿಸಿಕೊಂಡು ಶುರು ಮಾಡಿದರು. ಮೊದಮೊದಲು ಒಬ್ಬೊಬ್ಬರು ಮಧ್ಯೆ ನಿಂತು ಜೋಕ್ ಹೇಳುವುದು, ಉಳಿದವರು ನಗುವುದು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳೆಲ್ಲ ಖಾಲಿಯಾದವು. ಉಳಿದದ್ದು ಅಶ್ಲೀಲ ಜೋಕು, ಮನಸ್ಸು ನೋಯಿಸುವ ಜೋಕು. ಆಕ್ಷೇಪ ಬಂತು, ಕ್ಲಬ್ಬು ಮುಚ್ಚುವ ಸ್ಥಿತಿಗೆ ಬಂತು. ಆಗ ಕಟಾರಿಯಾ ಜೋಕನ್ನೇ ಕೈಬಿಟ್ಟರು. ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ಮನೆ ನಕ್ಕುಬಿಡಿ ಎಂದರು. ಒಂದಿಬ್ಬರು ನಗಲು ಶುರು ಮಾಡಿದ್ದೇ ತಡ, ಉಳಿದವರಿಗೂ ಅದು ಅಂಟಿತು. ನಟನೆಯಾಗಿ ಹೊರಟದ್ದು ನಿಜವಾದ ನಗುವೇ ಆಯಿತು. ಇವತ್ತು ಪಾರ್ಕುಗಳಲ್ಲಿ ಕಾಣುವ ಚಪ್ಪಾಳೆ, 'ಹೊ ಹೊ, ಹಾ ಹಾ ಹಾ', ದೀರ್ಘ ಉಸಿರು, ನಾಲಗೆ ಚಾಚಿ ನಗುವ ಸಿಂಹನಗೆ ಎಲ್ಲವೂ ಆ ತಿರುವಿನಿಂದ ಬಂದದ್ದು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರಾಬರ್ಟ್ ಪ್ರೊವೈನ್ ಎಂಬ ನರವಿಜ್ಞಾನಿ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದರು. ಲ್ಯಾಬಿಗೆ ಕರೆಸಿ ಹಾಸ್ಯದ ವಿಡಿಯೊ ತೋರಿಸಿದರೆ ಜನ ಸರಿಯಾಗಿ ನಗುತ್ತಲೇ ಇರಲಿಲ್ಲ. ಹಾಗಾಗಿ ಅವರು ಲ್ಯಾಬ್ ಬಿಟ್ಟು ಜನರಿದ್ದಲ್ಲಿಗೇ ಹೋದರು. ಮಾಲ್‌ನಲ್ಲಿ, ಕಾಲೇಜಿನ ಆವರಣದಲ್ಲಿ, ಫುಟ್‌ಪಾತಿನಲ್ಲಿ ಮಾತಾಡುತ್ತಿದ್ದವರ 1,200 ನಗೆಗಳನ್ನು ದಾಖಲಿಸಿದರು. ನಗುವಿಗೆ ಮುಂಚೆ ಏನು ಮಾತು ಬಂದಿತ್ತು ಎಂದು ನೋಡಿದರೆ, ಜೋಕಿನಂಥ ಮಾತು ಇದ್ದದ್ದು ನೂರರಲ್ಲಿ 20ಕ್ಕೂ ಕಡಿಮೆ ಸಲ. ಉಳಿದದ್ದೆಲ್ಲ 'ಸರಿ, ಬರ್ತೀನಿ', 'ನೋಡು, ಅವನೂ ಬಂದ' ಎಂಬಂಥ ದಿನನಿತ್ಯದ ಮಾತು. ಕೇಳುವವರಿಗಿಂತ ಹೇಳುವವರೇ ಶೇ. 46ರಷ್ಟು ಹೆಚ್ಚು ನಗುತ್ತಿದ್ದರು. ಒಂಟಿಯಾಗಿದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ನಗುವ ಸಂಭವ 30 ಪಟ್ಟು ಹೆಚ್ಚು ಎಂಬುದೂ ಅವರದೇ ಲೆಕ್ಕ. ಅಂದರೆ ನಗು ಜೋಕಿಗೆ ಕೊಡುವ ಉತ್ತರ ಅಲ್ಲ, ಎದುರಿಗಿರುವ ಮನುಷ್ಯನಿಗೆ ಕೊಡುವ ಉತ್ತರ. ಈ ವಿಷಯದಲ್ಲಿ ನಾನು ಓದಿದ ಸಂಶೋಧನೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಹಾಗಾದರೆ ಈ ಉತ್ತರ ಯಾಕೆ ಬೇಕು? ಆಕ್ಸ್‌ಫರ್ಡ್‌ನ ಸಂಶೋಧಕ ರಾಬಿನ್ ಡನ್ಬಾರ್ ಇದನ್ನು ಕೋತಿಗಳಿಂದ ವಿವರಿಸುತ್ತಾರೆ. ಎರಡು ಕೋತಿಗಳು ಗಂಟೆಗಟ್ಟಲೆ ಕೂತು ಒಂದರ ಮೈಯ ಹೇನು ಇನ್ನೊಂದು ಹೆಕ್ಕುತ್ತವೆ. ಮೈ ಶುಚಿಯಾಗುವುದು ಅದರ ಒಂದು ಭಾಗ ಮಾತ್ರ. ಕೂದಲಲ್ಲಿ ಬೆರಳಾಡಿದಾಗ ಮಿದುಳಲ್ಲಿ ಎಂಡಾರ್ಫಿನ್ ಸ್ರವಿಸುತ್ತದೆ. ಅದು ನಮ್ಮ ಮೈಯೇ ತಯಾರಿಸುವ ನೋವುನಿವಾರಕ. ಅದರಿಂದ ಸಿಗುವ ಹಿತದಲ್ಲೇ ಆ ಎರಡು ಕೋತಿಗಳ ಸ್ನೇಹ ಗಟ್ಟಿಯಾಗುತ್ತದೆ. ಆದರೆ ಹೇನು ಹೆಕ್ಕಲು ಒಂದು ಸಲಕ್ಕೆ ಒಂದೇ ಜೊತೆಗಾರ ಸಾಧ್ಯ. ಮನುಷ್ಯರ ಗುಂಪು ದೊಡ್ಡದಾದಂತೆ ಅಷ್ಟು ಹೊತ್ತು ಯಾರಿಗಿದೆ? ಮುಟ್ಟದೆಯೇ, ಏಕಕಾಲಕ್ಕೆ ಹಲವರಿಗೆ ಅದೇ ಹಿತ ಹಂಚುವ ಸಾಧನವಾಗಿ ನಗು ಬೆಳೆಯಿತು ಎಂಬುದು ಡನ್ಬಾರ್ ವಾದ.

ಅದನ್ನು ಅವರು ಪರೀಕ್ಷೆಗೂ ಒಡ್ಡಿದರು. 2012ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ತೋಳಿಗೆ ಮಂಜುಗಟ್ಟಿದ ಪಟ್ಟಿ ಸುತ್ತಿ, ಇಲ್ಲವೇ ಬಿಪಿ ನೋಡುವ ಪಟ್ಟಿಯನ್ನು ಬಿಗಿಯುತ್ತ ಹೋಗಿ, ಎಷ್ಟು ನೋವು ತಡೆಯಬಲ್ಲರು ಎಂದು ಅಳೆದರು. ಎಡಿನ್‌ಬರೋ ಉತ್ಸವದಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆಯೇ ಕುರ್ಚಿಯಲ್ಲಿ ಕೂತ ಭಂಗಿಯಲ್ಲಿ ನಿಲ್ಲಿಸಿ ನೋಡಿದರು. ಹಾಸ್ಯ ನೋಡಿ ಜೋರಾಗಿ ನಕ್ಕವರು ಹೆಚ್ಚು ನೋವು ತಡೆದರು. ನಗಿಸದ ಕಾರ್ಯಕ್ರಮ ನೋಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. 2017ರಲ್ಲಿ ಫಿನ್ಲೆಂಡಿನ ಟುರ್ಕುವಿನ ಸಂಶೋಧಕರ ತಂಡ 12 ಗಂಡಸರನ್ನು ಅವರ ಆಪ್ತ ಸ್ನೇಹಿತರ ಜೊತೆ ಕೂರಿಸಿ ನಗಿಸಿ, ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿತು. ಅಲ್ಲೂ ಎಂಡಾರ್ಫಿನ್ ಸ್ರಾವದ ಗುರುತು ಸಿಕ್ಕಿತು.

ಜೊತೆಗೂಡಿ ನಗುವ ರೂಢಿ ಹೈದರಾಬಾದಿಗೆ ಹೊಸದಲ್ಲ. ಉರ್ದು ಹಾಸ್ಯಕ್ಕೇ ಮೀಸಲಾದ 'ಶಗೂಫಾ' ಮಾಸಿಕ 1968ರಿಂದ ಅಲ್ಲಿ ಪ್ರಕಟವಾಗುತ್ತ ಬಂತು. ಕಲಬುರಗಿ ಜಿಲ್ಲೆಯಲ್ಲಿ ಹುಟ್ಟಿದ ಮುಜ್ತಬಾ ಹುಸೇನ್ 1962ರಲ್ಲಿ 'ಸಿಯಾಸತ್' ಪತ್ರಿಕೆಯಲ್ಲಿ ಹಾಸ್ಯ ಅಂಕಣ ಹಿಡಿದು, 2007ರಲ್ಲಿ ಪದ್ಮಶ್ರೀ ಪಡೆದರು. ಕಲಬುರಗಿಯ ಸುಲೇಮಾನ್ ಖತೀಬರ ದಖ್ಖನಿ ಕವಿತೆಗಳಿಗೆ ಎರಡೂ ಊರುಗಳಲ್ಲಿ ಕೇಳುಗರಿದ್ದರು. ಹಾಸ್ಯ ಮುಷಾಯಿರಾದಲ್ಲಿ, ಅಂದರೆ ಕವಿಗೋಷ್ಠಿಯಲ್ಲಿ, ಕವಿತೆಯ ಒಂದು ಸಾಲಿಗೆ ಮುಂದಿನ ಸಾಲಿನವರು ನಕ್ಕರೆ, ಮಾತು ಸರಿಯಾಗಿ ಕೇಳಿಸದ ಹಿಂದಿನವರೂ ನಗುತ್ತಾರೆ. ಅದೇ ಕವಿತೆಯನ್ನು ಮನೆಯಲ್ಲಿ ಒಬ್ಬರೇ ಓದಿದರೆ ತುಟಿಯಂಚಿನ ನಗುವಷ್ಟೇ ಬರುತ್ತದೆ.

ಇನ್ನು ಔಷಧದ ಮಾತು. 'ನಗು ರೋಗ ವಾಸಿಮಾಡುತ್ತದೆ' ಎನ್ನುವವರು ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಹೆಸರು ಹೇಳುತ್ತಾರೆ. ಬೆನ್ನುಮೂಳೆಯ ತೀವ್ರ ಕಾಯಿಲೆಯಲ್ಲಿ ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂದು ಅವರು 1976ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬರೆದರು. ಆದರೆ ಅದು ಒಬ್ಬ ರೋಗಿಯ ಅನುಭವ. ಜೊತೆಗೆ ವಿಟಮಿನ್ ಸಿಯನ್ನೂ ಭಾರಿ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರು. ನಗುವುದರಿಂದ ತೂಕ ಇಳಿಯುತ್ತದೆ ಎಂಬ ಪ್ರಚಾರವೂ ಹಾಗೆಯೇ. ದಿನಕ್ಕೆ 10–15 ನಿಮಿಷ ನಕ್ಕರೆ ಕರಗುವುದು 10ರಿಂದ 40 ಕ್ಯಾಲೊರಿ, ಒಂದು ಇಡ್ಲಿಗೂ ಸಾಲದು. ಮಕ್ಕಳು ದಿನಕ್ಕೆ 300 ಸಲ ನಗುತ್ತಾರೆ ಎಂಬ ವಾಟ್ಸಾಪ್ ಅಂಕಿಗೆ ನಂಬಬಹುದಾದ ಆಧಾರವೇ ಇಲ್ಲ.

ಆದ್ದರಿಂದ ಕಾಚಿಗುಡದ ಓದುಗರಿಗೆ ಹೇಳುವುದಿಷ್ಟು: ಖಂಡಿತ ಹೋಗಿ, ಆದರೆ ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಡಿ. ಹರ್ನಿಯಾ ಇದ್ದರೆ, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಕ್ಲಬ್ಬಿನ ನಿಜವಾದ ಲಾಭ ಆ ಇಪ್ಪತ್ತು ನಿಮಿಷದ ವ್ಯಾಯಾಮಕ್ಕಿಂತ, ನಾಳೆ ನೀವು ಬಾರದಿದ್ದರೆ 'ಯಾಕೆ ಬರಲಿಲ್ಲ' ಎಂದು ಕೇಳುವ ಜನ ಸಿಗುವುದರಲ್ಲಿದೆ. ಮಕ್ಕಳು ದೂರದೇಶದಲ್ಲಿದ್ದು ಮನೆಯಲ್ಲಿ ಇಬ್ಬರೇ, ಒಬ್ಬರೇ ಉಳಿದ ಹಿರಿಯರಿಗೆ ಇದು ಸಣ್ಣ ಲಾಭವಲ್ಲ.

ಪಾರ್ಕು ದೂರವಾದರೂ ಚಿಂತೆಯಿಲ್ಲ. ಹರಟುವ ಗುಂಪುಗಳನ್ನು ಗಮನಿಸಿ ಡನ್ಬಾರ್ ತಂಡ ಕಂಡುಕೊಂಡಂತೆ, ಸಹಜವಾಗಿ ಒಟ್ಟಿಗೆ ನಗುವವರು ಸರಾಸರಿ ಮೂವರು ಮಾತ್ರ. ಅಷ್ಟು ಜನ ರಾತ್ರಿ ಒಂದೇ ಹೊತ್ತಿಗೆ ಊಟಕ್ಕೆ ಕೂತು, ಫೋನನ್ನು ಪಕ್ಕಕ್ಕಿಟ್ಟರೆ ಸಾಕು.