ವಾಲಿಬಾಲ್ ತಂಡಕ್ಕೆ ಒಬ್ಬ ಅಕ್ಕ ಬೇಕು

ಮಧ್ಯಾಹ್ನದ ರೊಟ್ಟಿ, ಪಲ್ಯದ ಕೆಲಸ ಮುಗಿದಿದೆ. ಮಕ್ಕಳು ಶಾಲೆಯಿಂದ ಬರೋದಕ್ಕೆ ಇನ್ನೂ ಹೊತ್ತಿದೆ. ಟಿ.ವಿ. ಹಚ್ಚಿದರೆ ಅದೇ ಅತ್ತೆ, ಅದೇ ಸೊಸೆ! ಹೈಸ್ಕೂಲಿನಲ್ಲಿ ನೀವು ವಾಲಿಬಾಲ್ ಆಡಿದವರಾ? ಹಾಗಾದರೆ ನಿಮಗೊಂದು ಕೆಲಸ ಇದೆ. ಸಂಬಳ ಇಲ್ಲ, ಬಿಸಿಲಂತೂ ಬೇಕಾದಷ್ಟಿದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ... ನಮ್ಮ ಕಡೆ ಯಾವ ಮೈದಾನಕ್ಕೆ ಹೋದರೂ ಆಡುವ ಹುಡುಗಿಯರಿಗೇನೂ ಬರ ಇಲ್ಲ. ಬರ ಇರೋದು ಅವರನ್ನು ಬಿಡದೆ ಆಡಿಸುವ, ಪರವೂರಿನ ಪಂದ್ಯಕ್ಕೆ ಜೊತೆಯಲ್ಲಿ ಹೋಗುವ ಹೆಂಗಸರಿಗೆ. ಎಲ್ಲ ಶಾಲೆಗೂ ದೈಹಿಕ ಶಿಕ್ಷಕರಿಲ್ಲ. ಇದ್ದ ಕಡೆ ಹೆಚ್ಚಾಗಿ ಸರ್ ಇರುತ್ತಾರೆ. ಸರ್ ಎಷ್ಟೇ ಒಳ್ಳೆಯವರಾದರೂ ಹದಿಮೂರು ವರ್ಷದ ಹುಡುಗಿ ‘ಸರ್, ಇವತ್ತು ಹೊಟ್ಟೆನೋವು’ ಅಂತ ಬಾಯಿ ಬಿಟ್ಟು ಹೇಳ್ತಾಳಾ? ಸುಮ್ಮನೆ ಮೂಲೆಯಲ್ಲಿ ಕೂರುತ್ತಾಳೆ. ಮರುದಿನದಿಂದ ಬರೋದನ್ನೇ ಬಿಡುತ್ತಾಳೆ. ನಾನು ಕೆಲವು ವರ್ಷಗಳಿಂದ ಸಂಜೆ ಹೊತ್ತು ಒಂದು ಹೈಸ್ಕೂಲಿನ ಮಕ್ಕಳನ್ನು ಆಡಿಸೋಕೆ ಹೋಗುತ್ತಿದ್ದೇನೆ. ಅಲ್ಲಿ ಕಂಡದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಶಾಲಾ ಕ್ರೀಡಾಕೂಟ ಅಂದರೆ ಮೆಟ್ಟಿಲು ಇದ್ದ ಹಾಗೆ. ವಲಯದಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ಆಮೇಲೆ ರಾಜ್ಯ. ಗೆದ್ದವರು ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಇನ್ನು ಸಬ್ ಜೂನಿಯರ್, ಜೂನಿಯರ್ ಪಂದ್ಯಗಳಿಗೆ ಆಯ್ಕೆ ನಡೆಸಿ, ಬೇರೆ ಬೇರೆ ಊರಿನ ಮಕ್ಕಳನ್ನು ಸೇರಿಸಿ ಜಿಲ್ಲಾ ತಂಡ ಕಟ್ಟುತ್ತಾರೆ. ಮೊನ್ನೆ ನೆಟ್ಟಿನ ಆಚೆ ನಿಂತು ಕಣ್ಣು ಕೆಕ್ಕರಿಸಿದವಳು ಇವತ್ತು ಪಕ್ಕದಲ್ಲೇ ನಿಂತಿರುತ್ತಾಳೆ! ಕೋಚ್ ಆದವರ ಮೊದಲ ತಲೆನೋವೇ ಇದು. ಪ್ರತಿಯೊಬ್ಬಳೂ ಅವಳವಳ ಶಾಲೆಯಲ್ಲಿ ಹೀರೋಯಿನ್. ಎಲ್ಲರಿಗೂ ಸ್ಮ್ಯಾಷ್ ಹೊಡೆಯಬೇಕು, ಚೆಂಡು ಎತ್ತಿಕೊಡುವ ಸೆಟರ್ ಕೆಲಸ ಯಾರಿಗೂ ಬೇಡ. ಮದುವೆಮನೆಯಲ್ಲಿ ಬಡಿಸೋಕೆ ಎಲ್ಲರೂ ಮುಂದೆ, ಉಳ್ಳಾಗಡ್ಡಿ ಹೆಚ್ಚೋಕೆ ಒಬ್ಬರೂ ಇಲ್ಲ, ಹಾಗೆ.

ಆದರೆ ಈ ಆಟದ ನಿಯಮದಲ್ಲೇ ಅದಕ್ಕೆ ಔಷಧಿ ಇದೆ. ಮೂರು ಸ್ಪರ್ಶದೊಳಗೆ ಚೆಂಡು ಆಚೆ ಹೋಗಬೇಕು. ಬ್ಲಾಕ್ ಮಾಡಿದ್ದು ಬಿಟ್ಟರೆ ಒಬ್ಬಳೇ ಸತತ ಎರಡು ಸಲ ಮುಟ್ಟುವ ಹಾಗಿಲ್ಲ. ಎಂಥ ಹೀರೋಯಿನ್ ಆದರೂ ಇನ್ನೊಬ್ಬಳು ಎತ್ತಿಕೊಡದೆ ಹೊಡೆಯೋದಕ್ಕಾಗಲ್ಲ. ನಾನು ಹೊಸ ತಂಡಕ್ಕೆ ಮೊದಲ ಎರಡು ದಿನ ಸ್ಮ್ಯಾಷನ್ನೇ ಕೊಡುವುದಿಲ್ಲ. ಬರೀ ಪಾಸ್, ಬರೀ ಎತ್ತಿಕೊಡುವುದು. ಮೂರನೇ ದಿನ ಯಾರ ಚೆಂಡು ಚೆನ್ನಾಗಿ ಬರುತ್ತೆ ಅಂತ ಮಕ್ಕಳೇ ಹೇಳುತ್ತಾರೆ. ಸೆಟರ್ ಅಲ್ಲೇ ಸಿಕ್ಕಿಬಿಡುತ್ತಾಳೆ.

ಥ್ರೋಬಾಲ್ ಆಡಿದ ಕೈಗಳದು ಇನ್ನೊಂದು ಕಥೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಥ್ರೋಬಾಲ್ ಅಂದರೆ ಪ್ರೀತಿ. ಅಲ್ಲಿ ಚೆಂಡನ್ನು ಹಿಡಿಯಬೇಕು, ಎಸೆಯಬೇಕು. ವಾಲಿಬಾಲಿನಲ್ಲಿ ಹಿಡಿದರೆ ತಪ್ಪು. ಆರನೇ ಇಯತ್ತೆಯಿಂದ ಹಿಡಿದು ಹಿಡಿದು ರೂಢಿಯಾದ ಬೆರಳುಗಳು ಚೆಂಡು ಕಂಡ ಕೂಡಲೇ ಮುಚ್ಚಿಕೊಳ್ಳುತ್ತವೆ. ಇದನ್ನು ಬೈದು ಬಿಡಿಸೋಕೆ ಬರೋದಿಲ್ಲ. ಎರಡೂ ಕೈ ಜೋಡಿಸಿ, ಮೊಣಕೈ ಬಗ್ಗದಂತೆ ನೀಡಿ, ಮುಂಗೈ ಮೇಲೆ ಚೆಂಡು ಕೂರಿಸುವ ಪಾಸ್ ಇದೆಯಲ್ಲ, ಅದನ್ನು ದಿನಕ್ಕೆ ನೂರು ಸಲ ಗೋಡೆಗೆ ಆಡಿಸಿ. ಮೊದಲ ವಾರ ಮುಂಗೈ ಕೆಂಪಾಗಿ ಉರಿಯುತ್ತೆ. ಮನೆಯಲ್ಲಿ ಅವ್ವಂದಿರು ಗಾಬರಿಯಾಗುತ್ತಾರೆ, ಮೊದಲೇ ಹೇಳಿಟ್ಟಿರಿ. 260ರಿಂದ 280 ಗ್ರಾಂ ತೂಗುವ ಚೆಂಡು ಅದು. ಚಿಕ್ಕವರಿಗೆ ಗಾಳಿ ಸ್ವಲ್ಪ ಕಮ್ಮಿ ಮಾಡಿಕೊಟ್ಟರೆ ಹೆದರಿಕೆ ಬೇಗ ಹೋಗುತ್ತೆ. ನೆಟ್ಟೂ ಅಷ್ಟೆ. ಹೆಂಗಸರ ನೆಟ್ಟಿನ ಎತ್ತರ 2.24 ಮೀಟರ್. ಏಳನೇ ತರಗತಿಯ ಪುಟ್ಟಿಗೆ ಮೊದಲ ದಿನವೇ ಅಷ್ಟೆತ್ತರ ಕಟ್ಟಬೇಡಿ, ಹಗ್ಗ ಇಳಿಸಿ.

ನಿಯಮ ಮರೆತಿದ್ದೀರಾ? ನಮ್ಮ ಅಕ್ಕಂದಿರ ಕಾಲದಲ್ಲಿ ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟ್ ಇತ್ತು, 15ಕ್ಕೆ ಸೆಟ್ ಮುಗಿಯುತ್ತಿತ್ತು. 1990ರ ದಶಕದ ಕೊನೆಗೆ ಅದು ಬದಲಾಯಿತು. ಈಗ ಪ್ರತಿ ಚೆಂಡಿಗೂ ಪಾಯಿಂಟ್, ಸೆಟ್ 25ಕ್ಕೆ, ಕೊನೆಯ ನಿರ್ಣಾಯಕ ಸೆಟ್ 15ಕ್ಕೆ. ಬೇರೆ ಬಣ್ಣದ ಅಂಗಿ ತೊಟ್ಟ ‘ಲಿಬೆರೊ’ ಅನ್ನೋ ಹಿಂದಿನ ಸಾಲಿನ ಆಟಗಾರ್ತಿ ಬಂದದ್ದೂ ಅದೇ ಹೊತ್ತಿಗೆ. ಕುಳ್ಳಗಿದ್ದರೂ ಚುರುಕಾಗಿರುವ ಹುಡುಗಿಗೆ ಇದು ವರದಾನ!

ಇನ್ನು ನಮ್ಮ ಮಣ್ಣು, ನಮ್ಮ ಗಾಳಿ. ಪಂದ್ಯಗಳು ಸಾಮಾನ್ಯವಾಗಿ ಮಳೆಗಾಲದಲ್ಲೇ ಬರುತ್ತವೆ. ಎರೆ ನೆಲ ಒಂದು ಮಳೆಗೆ ಕಾಲಿಗೆ ಮೆತ್ತಿಕೊಳ್ಳುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಎರಡೂ ಕಾಲು ಉಳುಕಿಸುವ ನೆಲವೇ. ಮಸಾರಿ ಮಣ್ಣಿನ ಜಾಗ ಹುಡುಕಿ, ಗರಸು ಹಾಕಿ ಹದ ಮಾಡಿದರೆ ಅರ್ಧ ಪೆಟ್ಟು ತಪ್ಪುತ್ತೆ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಆ ಗಾಳಿಯಲ್ಲಿ ಸರ್ವಿಸ್ ಮಾಡಿದ ಚೆಂಡು ಎಲ್ಲಿ ಬೀಳುತ್ತೋ ದೇವರಿಗೇ ಗೊತ್ತು. ನಮ್ಮ ಮಕ್ಕಳು ಗಾಳಿಯ ಲೆಕ್ಕ ಹಾಕಿ ಆಡೋದನ್ನು ಕಲಿತುಬಿಡುತ್ತಾರೆ. ದೊಡ್ಡ ಊರಿನ ಒಳಾಂಗಣ ಕ್ರೀಡಾಂಗಣಕ್ಕೆ ಹೋದಾಗ ಕಟ್ಟಿಗೆ ನೆಲ, ಗಾಳಿಯೇ ಇಲ್ಲ, ಮೇಲೆ ಕಣ್ಣು ಕುಕ್ಕುವ ಲೈಟು. ಚೆಂಡು ನೇರ ಬಂದರೂ ಇವರು ಪಕ್ಕಕ್ಕೆ ಸರಿಯುತ್ತಾರೆ! ಆಗುವುದಾದರೆ ಪಂದ್ಯಕ್ಕೆ ಒಂದು ದಿನ ಮೊದಲೇ ಹೋಗಿ ಅಂಥ ಅಂಗಳದಲ್ಲಿ ಚೆಂಡು ಮುಟ್ಟಿಸಿ.

ಹದಿಮೂರನೆಯವಳು

ನೆಲ, ಗಾಳಿ ಎಲ್ಲ ಹೇಗೋ ನಡೆಯುತ್ತೆ. ಎದೆ ಭಾರವಾಗೋದು ಪಟ್ಟಿ ಬರೆಯುವಾಗ. ಅಂಗಳದಲ್ಲಿ ಆರು ಜನ, ತಂಡದಲ್ಲಿ ಸಾಮಾನ್ಯವಾಗಿ 12. ಆಯ್ಕೆಗೆ ಬರೋರು ಮೂವತ್ತು, ನಲವತ್ತು. ಮೊದಲ ಎಂಟು ಹೆಸರು ಕಣ್ಣು ಮುಚ್ಚಿ ಬರೆಯಬಹುದು. ಹನ್ನೆರಡನೆಯವಳಿಗೂ ಹದಿಮೂರನೆಯವಳಿಗೂ ಅಂಥ ವ್ಯತ್ಯಾಸ ಇರೋದೇ ಇಲ್ಲ. ಆ ಹುಡುಗಿ ನಸುಕಿನ ಬಸ್ಸಿಗೆ ಮುಂಡರಗಿ ಕಡೆಯಿಂದ ಬಂದಿರುತ್ತಾಳೆ, ಡಬ್ಬಿಯಲ್ಲಿ ತಂಗಳ ರೊಟ್ಟಿ ಕಟ್ಟಿಕೊಂಡು. ಅವಳಿಗೆ ಏನಂತ ಹೇಳೋದು?

ನಾನು ಕಂಡುಕೊಂಡ ದಾರಿ ಇಷ್ಟು. ಹೆಸರನ್ನು ಗೋಡೆಗೆ ಅಂಟಿಸಿ ಮನೆಗೆ ಹೋಗಬೇಡಿ. ಬಿಟ್ಟುಹೋದ ಒಬ್ಬೊಬ್ಬಳನ್ನೂ ಕರೆದು, ಎದುರಿಗೆ ಕೂರಿಸಿ, ಕಾರಣ ಹೇಳಿ. ‘ಇನ್ನೂ ಸಣ್ಣಾಕಿ’ ಅನ್ನೋದು ಕಾರಣವಲ್ಲ. ‘ಎಡಗಡೆ ಬಂದ ಚೆಂಡಿಗೆ ನಿನ್ನ ಕಾಲು ಏಳೂದಿಲ್ಲ, ಮುಂದಿನ ವರ್ಷದೊಳಗ ಇದನ್ನ ಮಾಡ್ಕೊಂಡು ಬಾ’ ಅನ್ನೋದು ಕಾರಣ. ಅಳುತ್ತಾರೆ, ಅಳಲಿ. ಒಬ್ಬ ಹುಡುಗಿ ಹೀಗೆ ಅತ್ತು ಹೋದವಳು ಮರುವರ್ಷ ಬಂದು, ‘ಅಕ್ಕಾ, ಎಡಗಡೆ ಒಗೀರಿ ನೋಡೂಣು’ ಅಂದಳು. ಅವತ್ತಿನ ನನ್ನ ಖುಷಿಗೆ ಯಾವ ಕಪ್ಪೂ ಸಾಟಿಯಲ್ಲ ಬಿಡಿ.

ಶಿಫಾರಸಿನ ಫೋನುಗಳೂ ಬರುತ್ತವೆ. ‘ನಮ್ಮಾಕಿನ್ನ ಒಂದಿಷ್ಟು ನೋಡ್ಕೋರಿ’ ಅಂತ ಶುರುವಾಗಿ ನೆಂಟಸ್ತನದವರೆಗೆ ಹೋಗುತ್ತೆ. ಒಮ್ಮೆ ಒಪ್ಪಿದರೆ ತಂಡದ ಹನ್ನೆರಡೂ ಮಕ್ಕಳಿಗೆ ಅದು ಸಂಜೆಯೊಳಗೆ ಗೊತ್ತಾಗುತ್ತೆ. ಆಮೇಲೆ ನಿಮ್ಮ ಸೀಟಿಗೆ ಬೆಲೆ ಇರೋದಿಲ್ಲ.

ಮನೆಯವರನ್ನು ಒಪ್ಪಿಸೋದು

ಹುಡುಗಿ ಎಂಟು, ಒಂಬತ್ತರಲ್ಲಿ ಚೆನ್ನಾಗಿ ಆಡುತ್ತಿರುತ್ತಾಳೆ. ಹತ್ತಕ್ಕೆ ಬಂದ ಕೂಡಲೇ ಮೈದಾನ ಬಂದ್! ‘ಎಸ್ಸೆಸ್ಸೆಲ್ಸಿ ಐತ್ರಿ, ಟ್ಯೂಷನ್ ಐತ್ರಿ’ ಅನ್ನೋದು ಮೇಲಿನ ಮಾತು. ‘ಚಡ್ಡಿ ಹಾಕ್ಕೊಂಡು ಊರೂರು ತಿರುಗೂದು ಬ್ಯಾಡ್ರಿ’ ಅನ್ನೋದು ಒಳಗಿನ ಮಾತು. ಟ್ರ್ಯಾಕ್ ಪ್ಯಾಂಟ್ ಹಾಕಿ ಅಭ್ಯಾಸ ಮಾಡಿಸಬಹುದು, ಅದು ದೊಡ್ಡ ವಿಷಯವಲ್ಲ. ಪರವೂರಿನ ಭಯಕ್ಕೆ ಮಾತ್ರ ಹೆಂಗಸೇ ಹೋಗಿ ಉತ್ತರ ಹೇಳಬೇಕು. ಎಲ್ಲಿ ಉಳಿಯುತ್ತಾರೆ, ಬಚ್ಚಲಿಗೆ ಬಾಗಿಲು ಚಿಲಕ ಇದೆಯಾ, ರಾತ್ರಿ ಯಾರು ಜೊತೆಗಿರುತ್ತಾರೆ... ತಾಯಂದಿರು ಇದನ್ನೆಲ್ಲ ಕೇಳಬೇಕು, ನೀವೂ ಕೇಳಿಸಿಕೊಳ್ಳಬೇಕು. ಯಾರೇ ಕೋಚ್ ಆಗಿರಲಿ, ಹುಡುಗಿಯೊಬ್ಬಳನ್ನೇ ಕರೆದು ಮುಚ್ಚಿದ ಕೋಣೆಯಲ್ಲಿ ಮಾತಾಡುವ ಪದ್ಧತಿ ಇರಬಾರದು. ಏನಾದರೂ ತಪ್ಪು ನಡೆದರೆ 1098ಕ್ಕೆ ಕರೆ ಮಾಡಬೇಕು ಅನ್ನೋದು ಮಕ್ಕಳಿಗೂ ಗೊತ್ತಿರಲಿ.

ಖರ್ಚಿನ ಒಂದು ನೆಪ ಈಗ ಕಮ್ಮಿಯಾಗಿದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರದ ಹುಡುಗಿ ರವಿವಾರ ಗದಗಿಗೆ ಬಂದು ಆಡಿ ಹೋಗೋದು ಮೊದಲಿನಷ್ಟು ಭಾರವಲ್ಲ. ನಮ್ಮ ಗದಗಿನ ಸುನೀಲ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಮತ್ತೆ ಶಾಲೆ ಹೊತ್ತಿಗೆ ಗದಗಿಗೆ ವಾಪಸಾಗುತ್ತಿದ್ದರು. ಆಮೇಲೆ ಭಾರತ ತಂಡಕ್ಕೇ ಆಡಿದರು. ಮಗನಿಗೆ ಆಗೋದು ಮಗಳಿಗೆ ಯಾಕಾಗಬಾರದು? ಓದಿನ ಚಿಂತೆ ಇರುವವರಿಗೆ ಹೇಳಿ, ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಕ್ರೀಡಾ ಕೋಟಾ ಇದೆ, ರೈಲ್ವೆಯಲ್ಲಿ ಕ್ರೀಡಾ ನೇಮಕಾತಿ ಇದೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆಯಲ್ಲ! ಆದರೆ ಕೆಲಸ ಸಿಕ್ಕೇ ಸಿಗುತ್ತೆ ಅಂತ ಆಸೆ ಹಚ್ಚಬೇಡಿ, ಅದು ಮೋಸ.

ಹೊಟ್ಟೆಯ ವಿಚಾರ ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಕಂಡಿದೆ. ಎರಡನೇ ಸೆಟ್ಟಿಗೇ ಏದುಸಿರು ಬಿಡುವ ಹುಡುಗಿ ಸೋಮಾರಿಯಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು, ಶೇಂಗಾ ಹಿಂಡಿ, ಸೊಪ್ಪಿನ ಪಲ್ಯ, ಮೇಲೊಂದು ನಿಂಬೆಹಣ್ಣು. ಇದಕ್ಕಿಂತ ದುಬಾರಿ ಡಬ್ಬದ ಪುಡಿ ಬೇಕಿಲ್ಲ. ಬೆರಳಿಗೆ ಚೆಂಡು ಬಡಿದಾಗ ಎಳೆದು ‘ಸರಿ ಮಾಡುವ’ ಹಿರಿಯರು ಮೈದಾನದಲ್ಲಿ ಇದ್ದೇ ಇರುತ್ತಾರೆ. ದಯವಿಟ್ಟು ಎಳೆಯಲು ಬಿಡಬೇಡಿ. ಐಸ್ ಇಡಿ, ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿ, ಬಾವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಬೆಳೆಯುವ ಮಕ್ಕಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಬಂದರೆ ಜಿಗಿತ ಕಡಿಮೆ ಮಾಡಿಸಿ. ‘ಅಭ್ಯಾಸ ಆದ್ರ ಹೋಗ್ತದ’ ಅನ್ನೋ ಮಾತು ಇಲ್ಲಿ ನಡೆಯಲ್ಲ.

ಶಿಸ್ತಿನ ಹೆಸರಲ್ಲಿ ಎಷ್ಟು ದುಡಿಸಬೇಕು ಅನ್ನೋದಕ್ಕೆ ಜಪಾನಿನ ಕಥೆ ಹೇಳುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಸಲ ಸೇರಿತು. ಹೆಂಗಸರ ಚಿನ್ನ ಗೆದ್ದದ್ದು ಜಪಾನ್. ಆ ತಂಡದ ಹೆಚ್ಚಿನವರು ಒಂದು ನೂಲಿನ ಗಿರಣಿಯ ಕೆಲಸಗಾರ್ತಿಯರು! ನೇಕಾರಿಕೆಯ ಬೆಟಗೇರಿಯವರಿಗೆ ಕೇಳೋಕೆ ಹಿತ ಅನಿಸುತ್ತೆ ಅಲ್ವಾ? ಹಗಲು ಗಿರಣಿ, ಆಮೇಲೆ ನಡುರಾತ್ರಿವರೆಗೆ ಅಭ್ಯಾಸ. ಕೋಚ್ ದೈಮತ್ಸು ಅವರ ಕಠಿಣ ತರಬೇತಿ ಜಗತ್ತಿಗೇ ಗೊತ್ತಾಯಿತು. ಅವರು ದುಡಿಯುವ ವಯಸ್ಸಿನ ಹೆಂಗಸರು, ನಮ್ಮವು ಶಾಲೆ ಮಕ್ಕಳು. ಬಿದ್ದು ಉರುಳಿ ಏಳುವ ಅವರ ಚಂದದ ಕಲೆಯನ್ನು ಬೇಕಾದರೆ ಕಲಿಸಿ, ನಡುರಾತ್ರಿಯನ್ನು ಬಿಟ್ಟುಬಿಡಿ. ವಾರಕ್ಕೆ ನಾಲ್ಕು ದಿನ, ಒಂದೂವರೆ ತಾಸು ಸಾಕು.

ಹಾಗಾದರೆ ನಮಗೇನು ಸಿಗುತ್ತೆ? ನನ್ನ ಬೆನ್ನುನೋವು ಹೋಯಿತು, ಅದು ಮೊದಲನೆಯದು. ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುವಾಗ ಮಗು ಎತ್ತಿಕೊಂಡ ಹೆಂಗಸೊಬ್ಬಳು ‘ಅಕ್ಕಾ, ಗುರ್ತು ಸಿಗ್ಲಿಲ್ಲೇನ್ರಿ? ನಾನು ನಾಲ್ಕು ನಂಬರ್’ ಅಂತ ನಿಲ್ಲಿಸುತ್ತಾಳೆ. ಹೆಸರು ನೆನಪಾಗದಿದ್ದರೂ ಅವಳ ಸರ್ವಿಸ್ ನೆನಪಾಗುತ್ತೆ! ಸೋತ ಪಂದ್ಯ ಮುಗಿಸಿ ಬರುವಾಗ ಬಸ್ಸಿನಲ್ಲಿ ಮೊದಲ ಅರ್ಧ ತಾಸು ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಒಬ್ಬಳು ಶೇಂಗಾ ಪೊಟ್ಟಣ ಬಿಚ್ಚುತ್ತಾಳೆ. ಊರು ಬರೋ ಹೊತ್ತಿಗೆ ಮುಂದಿನ ವರ್ಷದ ತಂಡ ಬಸ್ಸಿನಲ್ಲೇ ತಯಾರಾಗಿರುತ್ತೆ.

ಮನಸ್ಸಾಯಿತಾ? ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೇ ಕೊನೆಗೇ ಕಂಡು ಮಾತಾಡಿ, ಜೂನ್ ದಾಖಲಾತಿ ಗದ್ದಲದಲ್ಲಿ ಅವರು ಕೈಗೆ ಸಿಗೋದಿಲ್ಲ. ದೈಹಿಕ ಶಿಕ್ಷಕರಿದ್ದರೆ ಅವರ ಕೈಕೆಳಗೇ ಶುರುಮಾಡಿ, ಅವರ ಜಾಗ ಕಸಿಯೋಕೆ ಬಂದಿಲ್ಲ ಅಂತ ಮೊದಲ ದಿನವೇ ಗೊತ್ತಾಗಲಿ. ಪದ್ಧತಿ ಪ್ರಕಾರ ಕಲಿಯಬೇಕು ಅನ್ನೋರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ, ಅರ್ಹತೆಯ ನಿಯಮ ನೋಡಿಕೊಂಡು ಅರ್ಜಿ ಹಾಕಿ. ಮೊದಲ ದಿನಕ್ಕೆ ಒಂದು ಸೀಟಿ, ಎರಡು ಚೆಂಡು, ಪಂಪು, ನೀರಿನ ಕ್ಯಾನು, ಬ್ಯಾಗಿನಲ್ಲಿ ಒಂದು ಪ್ಯಾಕೆಟ್ ಸ್ಯಾನಿಟರಿ ಪ್ಯಾಡ್ ಇರಲಿ. ಚೂಡಿದಾರದ ದುಪಟ್ಟಾ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ, ನೆಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತೆ.