ಏಕಾಏಕಿ ಬದಲಾದ ಮಗಳು: ಮನಸ್ಸಿನ ಕಾಯಿಲೆಯೋ, ಮಿದುಳಿನ ಉರಿಯೂತವೋ?

ನಾಲ್ಕು ದಿನ ಜ್ವರ, ತಲೆನೋವು ಅಂತ ಮಲಗಿದ್ದ ಹುಡುಗಿ. ಜ್ವರವೇನೋ ಬಿಟ್ಟಿತು, ಆದರೆ ಹುಡುಗಿ ಮೊದಲಿನಂತಾಗಲಿಲ್ಲ. ರಾತ್ರಿಯಿಡೀ ನಿದ್ದೆಯಿಲ್ಲ. ಸುಮ್ಮಸುಮ್ಮನೆ ನಗು, ಮರುಕ್ಷಣ ಅಳು. ಹೆತ್ತ ತಾಯಿ ತಟ್ಟೆಗೆ ಬಡಿಸಿದರೂ ಅನುಮಾನ!

‘ಯಾರದ್ದೋ ಕಣ್ಣು ಬಿದ್ದಿದೆ ಕಣ್ರೀ, ತಡೆ ಒಡೆಸಿ’ ಅಂತಾರೆ ಪಕ್ಕದ ಮನೆಯವರು. ‘ಪರೀಕ್ಷೆ ಟೆನ್ಷನ್ನು, ಸರಿಹೋಗುತ್ತೆ ಬಿಡು’ ಅಂತಾರೆ ಅಪ್ಪ. ಹೊಸದಾಗಿ ಮದುವೆಯಾದವಳಾದರಂತೂ ‘ಇಲ್ಲಿ ಹೊಂದಿಕೊಳ್ಳೋಕೆ ಆಗ್ತಿಲ್ಲ, ನಾಟಕ ಮಾಡ್ತಿದ್ದಾಳೆ’ ಎಂಬ ಮಾತು. ಹೀಗೆ ವಾರಗಳು ಕಳೆಯುತ್ತವೆ.

ಇಂಥ ಸಮಯದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಇದು ಮಿದುಳಿನ ಉರಿಯೂತ ಇರಬಹುದೇ? ಆಟೋಇಮ್ಯೂನ್ ಎನ್ಸೆಫಲೈಟಿಸ್ ಎಂಬ ಈ ಕಾಯಿಲೆ ಅಪರೂಪದ್ದು, ನಿಜ. ಆದರೆ ಬೇಗ ಗುರುತಿಸಿದರೆ ಬಹುಪಾಲು ಗುಣವಾಗುತ್ತದೆ. ತಡವಾದರೆ ಜೀವಕ್ಕೇ ಅಪಾಯ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ರೋಗಾಣುಗಳು ಬಂದರೆ ಹೊಡೆದೋಡಿಸಲು ನಮ್ಮ ದೇಹ ಆಂಟಿಬಾಡಿ ಅಥವಾ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕೆಲವೊಮ್ಮೆ ಈ ಕಾವಲು ಪಡೆ ದಾರಿ ತಪ್ಪಿ ಸ್ವಂತ ದೇಹದ ಮೇಲೇ ಬೀಳುತ್ತದೆ. ಅದು ಮಿದುಳಿನ ಮೇಲೆ ಬಿದ್ದರೆ ಈ ಕಾಯಿಲೆ.

ಇದರಲ್ಲಿ ಹಲವು ಬಗೆ. ಹೆಚ್ಚು ಹೆಸರಾದದ್ದು ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಮಿದುಳಿನ ನರಕೋಶಗಳ ಮೇಲಿರುವ ಎನ್‌ಎಂಡಿಎ ರಿಸೆಪ್ಟರ್‌ಗಳು ನೆನಪಿಗೆ, ಕಲಿಕೆಗೆ, ವಿವೇಚನೆಗೆ ಬೇಕೇ ಬೇಕು. ಪ್ರತಿಕಾಯಗಳು ಅವುಗಳಿಗೆ ಅಂಟಿಕೊಂಡು, ಕೋಶದ ಮೇಲಿನಿಂದ ಒಳಕ್ಕೆ ಎಳೆದುಬಿಡುತ್ತವೆ. ಸಮಾಧಾನದ ಸಂಗತಿಯೆಂದರೆ, ನರಕೋಶಗಳು ಹೆಚ್ಚಾಗಿ ಸಾಯುವುದಿಲ್ಲ. ಪ್ರತಿಕಾಯಗಳು ಇಳಿದರೆ ರಿಸೆಪ್ಟರ್‌ಗಳು ಮತ್ತೆ ಬರುತ್ತವೆ, ಮನುಷ್ಯರೂ ಮೊದಲಿನಂತಾಗುತ್ತಾರೆ.

ಗುಟ್ಟು ಸಿಕ್ಕಿದ್ದು ಅಂಡಾಶಯದಲ್ಲಿ!

ಈ ಕಾಯಿಲೆಗೆ ಹೆಸರು ಸಿಕ್ಕಿದ್ದೇ ಈಚೆಗೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಡಾ. ಜೋಸೆಪ್ ದಾಲ್ಮಾವು ಮತ್ತು ಸಂಗಡಿಗರು 2005ರಲ್ಲಿ ನಾಲ್ವರು ಯುವತಿಯರ ಬಗ್ಗೆ ಬರೆದರು. ನಾಲ್ವರಿಗೂ ಮಾನಸಿಕ ಏರುಪೇರು, ಮರೆವು, ಉಸಿರಾಟದ ತೊಂದರೆ. ನಾಲ್ವರ ಅಂಡಾಶಯದಲ್ಲೂ ಟೆರಟೋಮಾ ಎಂಬ ಗೆಡ್ಡೆ. 2007ರಲ್ಲಿ ಇಂಥ 12 ಮಹಿಳೆಯರಲ್ಲಿ ಎನ್‌ಎಂಡಿಎ ರಿಸೆಪ್ಟರ್ ವಿರುದ್ಧದ ಪ್ರತಿಕಾಯಗಳನ್ನು ಅವರು ಪತ್ತೆ ಹಚ್ಚಿದರು.

ಟೆರಟೋಮಾ ವಿಚಿತ್ರ ಗೆಡ್ಡೆ. ಅದರೊಳಗೆ ಕೂದಲು, ಹಲ್ಲು, ನರಗಳ ಅಂಗಾಂಶವೂ ಇರಬಹುದು. ಆ ನರದ ಅಂಶವನ್ನು ಶತ್ರುವೆಂದು ತಿಳಿದು ದೇಹ ಮಾಡಿದ ಪ್ರತಿಕಾಯವೇ ಮಿದುಳಿಗೂ ಕಾಟ ಕೊಡುತ್ತದೆ. ಹಾಗಂತ ಎಲ್ಲರಿಗೂ ಗೆಡ್ಡೆ ಇರಲೇಬೇಕೆಂದಿಲ್ಲ. ಮಕ್ಕಳು, ಗಂಡಸರಲ್ಲಿ ಅದು ಕಡಿಮೆ. ಹರ್ಪಿಸ್ ವೈರಸ್‌ನಿಂದ ಮಿದುಳು ಜ್ವರ ಬಂದು ಹೋದ ಕೆಲವು ವಾರಗಳ ನಂತರವೂ ಇದು ಬರಬಹುದು.

2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ 81 ಮಂದಿ ಹೆಣ್ಣುಮಕ್ಕಳು. ಅವರಲ್ಲಿ ಹೆಚ್ಚಿನವರು ಶಾಲೆ, ಕಾಲೇಜು, ಹೊಸ ಸಂಸಾರದ ವಯಸ್ಸಿನವರು. ಮನೆಯ ಹೆಂಗಸರಿಗೆ ಈ ವಿಷಯ ಗೊತ್ತಿರಬೇಕು ಅನ್ನುವುದು ಇದಕ್ಕೇ.

ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ವರದಿಗಾರ್ತಿ ಸುಸಾನ ಕಹಲನ್ ಅವರಿಗೆ 2009ರಲ್ಲಿ ಈ ಕಾಯಿಲೆ ಬಂದಾಗ ವಯಸ್ಸು 24. ಹಲವು ಟೆಸ್ಟ್‌ಗಳ ನಂತರವೂ ಕಾರಣ ತಿಳಿದಿರಲಿಲ್ಲ. ಡಾ. ಸುಹೇಲ್ ನಜ್ಜಾರ್ ಒಂದು ಕಾಗದ ಕೊಟ್ಟು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಆಕೆ ಅಂಕಿಗಳನ್ನೆಲ್ಲ ಬಲಭಾಗದಲ್ಲೇ ತುಂಬಿದ್ದರು! ಮಿದುಳಿನ ಬಲಭಾಗದಲ್ಲಿ ಉರಿಯೂತವಿದೆ ಎಂಬ ಸುಳಿವು ಅಲ್ಲಿ ಸಿಕ್ಕಿತು. ಚಿಕಿತ್ಸೆಯಿಂದ ಚೇತರಿಸಿಕೊಂಡ ಅವರು 2012ರಲ್ಲಿ ತಮ್ಮ ಅನುಭವವನ್ನು ‘ಬ್ರೈನ್ ಆನ್ ಫೈರ್’ ಎಂಬ ಪುಸ್ತಕವಾಗಿ ಹೊರತಂದರು.

ಯಾವಾಗ ಎಚ್ಚರ?

ಈ ಬದಲಾವಣೆಗಳು ದಿನಗಳಲ್ಲಿ ಅಥವಾ ಕೆಲವೇ ವಾರಗಳಲ್ಲಿ ಒಂದರ ಹಿಂದೊಂದು ಬರುತ್ತವೆ:

* ಹಿಂದೆಂದೂ ಇಲ್ಲದ ಭ್ರಮೆ, ಭಯ, ಸಿಟ್ಟು, ಅನುಮಾನ
* ನಿದ್ದೆ ಪೂರ್ತಿ ಹಾರಿಹೋಗುವುದು
* ಈಗ ಹೇಳಿದ್ದು ಈಗಲೇ ಮರೆಯುವುದು
* ಮಾತು ತಡವರಿಸಿ, ಕಡಿಮೆಯಾಗಿ, ನಿಂತೇ ಹೋಗುವುದು
* ಫಿಟ್ಸ್
* ಬಾಯಿ, ನಾಲಿಗೆ, ಕೈಗಳು ತಾವಾಗಿಯೇ ಆಡುತ್ತಿರುವುದು, ಮೈ ಸೆಟೆದುಕೊಳ್ಳುವುದು
* ಎದೆಬಡಿತ, ಬಿ.ಪಿ., ಉಸಿರಾಟ ಏರುಪೇರಾಗುವುದು

ಮನಸ್ಸಿನ ಲಕ್ಷಣದ ಜತೆಗೆ ಫಿಟ್ಸ್, ಮರೆವು, ವಿಚಿತ್ರ ಚಲನೆ ಸೇರಿಕೊಂಡರೆ ಕಾಯಬೇಡಿ, ನರರೋಗ ತಜ್ಞರಿಗೆ ತೋರಿಸಿ. ಮನೋವೈದ್ಯರು ಕೊಟ್ಟ ಮಾತ್ರೆಯಿಂದ ಮೈ ತುಂಬಾ ಬಿಗಿಯಾಗಿ ಜ್ವರ ಬಂದರೆ ಅದನ್ನೂ ತಕ್ಷಣ ಹೇಳಿ.

ಮನೆಯ ಹಿರಿಯರಲ್ಲಿ ಬರುವ ಬಗೆಯೇ ಬೇರೆ. ಎಲ್‌ಜಿಐ1 ಎಂಬ ಪ್ರತಿಕಾಯದಿಂದ ಬರುವ ಇದು 50 ದಾಟಿದ ಗಂಡಸರಲ್ಲಿ ಹೆಚ್ಚು. ಮುಖದ ಒಂದು ಬದಿ ಮತ್ತು ಅದೇ ಬದಿಯ ಕೈ ಕ್ಷಣಮಾತ್ರ ಸೆಳೆದಂತಾಗುತ್ತದೆ, ದಿನಕ್ಕೆ ಹತ್ತಾರು ಸಲ. ಜತೆಗೆ ಮರೆವು, ರಕ್ತದಲ್ಲಿ ಸೋಡಿಯಂ ಕಡಿಮೆ. ‘ವಯಸ್ಸಾಯ್ತಲ್ಲ, ಅರಳುಮರಳು’ ಅಂತ ಬಿಟ್ಟುಬಿಡಬೇಡಿ.

ಬೆನ್ನಿನ ನೀರು ತೆಗೆಸಲು ಹೆದರಿಕೆಯೇ?

ಎಂಆರ್‌ಐ ಸ್ಕ್ಯಾನಿಂಗ್ ನಾರ್ಮಲ್ ಬಂತು ಅಂದಾಕ್ಷಣ ಕಾಯಿಲೆ ಇಲ್ಲ ಅಂತಲ್ಲ. ಎನ್‌ಎಂಡಿಎ ಕಾಯಿಲೆಯಲ್ಲಿ ಅರ್ಧಕ್ಕೂ ಹೆಚ್ಚು ಜನರ ಎಂಆರ್‌ಐ ನಾರ್ಮಲ್ ಇರುತ್ತದೆ. ಆಗ ಇಇಜಿ ಮತ್ತು ಬೆನ್ನಿನಿಂದ ತೆಗೆದ ನೀರಿನ ಪರೀಕ್ಷೆ ನೆರವಿಗೆ ಬರುತ್ತವೆ.

‘ಬೆನ್ನಿನ ನೀರು ತೆಗೆದ್ರೆ ಕಾಲು ಬಿದ್ದುಹೋಗುತ್ತಂತೆ’ ಎಂಬ ಭಯ ನಮ್ಮಲ್ಲಿ ಬಹಳ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುವುದರಿಂದ ಆ ಭಯಕ್ಕೆ ಆಧಾರವಿಲ್ಲ. ಒಂದೆರಡು ದಿನ ತಲೆನೋವು, ಸೊಂಟನೋವು ಬರಬಹುದು ಅಷ್ಟೆ. ಯಾರಿಗೆ ಈ ಪರೀಕ್ಷೆ ಬೇಡ ಎಂಬುದನ್ನು ಡಾಕ್ಟರು ಮೊದಲೇ ನೋಡಿರುತ್ತಾರೆ.

ರಕ್ತ ಪರೀಕ್ಷೆ ಒಂದೇ ಸಾಲದು. 2014ರ ಅಧ್ಯಯನವೊಂದರಲ್ಲಿ ಎನ್‌ಎಂಡಿಎ ರೋಗಿಗಳೆಲ್ಲರ ಬೆನ್ನಿನ ನೀರಿನಲ್ಲೂ ಪ್ರತಿಕಾಯ ಸಿಕ್ಕಿತು, ರಕ್ತದಲ್ಲಿ ಮಾತ್ರ ನೂರಕ್ಕೆ ಸುಮಾರು 14 ಮಂದಿಯಲ್ಲಿ ಸಿಗಲಿಲ್ಲ. ರಿಪೋರ್ಟ್ ಬರಲು ದಿನಗಳು ಬೇಕಾಗಬಹುದು. ಬಲವಾದ ಅನುಮಾನವಿದ್ದು ಸೋಂಕಿಲ್ಲವೆಂದು ಖಚಿತವಾದರೆ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡಬೇಕೆಂಬುದು 2016ರಲ್ಲಿ ತಜ್ಞರು ಒಟ್ಟಾಗಿ ಕೊಟ್ಟ ಸಲಹೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ಮತ್ತು ನರರೋಗ ವಿಭಾಗಗಳು ಒಂದೇ ಆವರಣದಲ್ಲಿರುವುದು ಇಂಥವರಿಗೆ ದೊಡ್ಡ ಅನುಕೂಲ.

ಚಿಕಿತ್ಸೆ ಏನು?

ಮೊದಲು ಸ್ಟಿರಾಯ್ಡ್ ಡ್ರಿಪ್, ಐವಿಐಜಿ ಅಥವಾ ಪ್ಲಾಸ್ಮಾ ಬದಲಾವಣೆ. ಇದಕ್ಕೆ ಬಗ್ಗದಿದ್ದರೆ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್. ಗೆಡ್ಡೆಯಿದ್ದರೆ ಆಪರೇಷನ್. ಐವಿಐಜಿ ಡೋಸ್ ತೂಕಕ್ಕೆ ತಕ್ಕಂತೆ ಇರುವುದರಿಂದ ಖರ್ಚು ಜಾಸ್ತಿ. ಬೇರೆ ದಾರಿ ಇದೆಯೇ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ.

2013ರ ಅದೇ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ನೂರಕ್ಕೆ 81 ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರ ಫಲಿತಾಂಶ ಇನ್ನೂ ಚೆನ್ನಾಗಿತ್ತು.

ನೀವು ಏನು ಮಾಡಬಹುದು?

* ಯಾವ ದಿನ ಏನಾಯಿತು ಎಂದು ತಾರೀಖಿನೊಂದಿಗೆ ಬರೆದಿಡಿ.
* ವಿಚಿತ್ರ ಚಲನೆ, ಫಿಟ್ಸ್ ಬಂದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ಡಾಕ್ಟರಿಗೆ ಅದು ತುಂಬಾ ಉಪಯೋಗ.
* ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ ಏನೂ ಬೇಡ. ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಿರಿ.
* ‘ಇದು ಆಟೋಇಮ್ಯೂನ್ ಎನ್ಸೆಫಲೈಟಿಸ್ ಇರಬಹುದಾ ಡಾಕ್ಟ್ರೇ?’ ಎಂದು ನೇರವಾಗಿ ಕೇಳಿ.
* ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯ ನೋಡಿದ್ದಾರೆಯೇ ವಿಚಾರಿಸಿ.

ಒಂದು ಮಾತು ನೆನಪಿಡಿ. ಮಾನಸಿಕ ತೊಂದರೆ ಇರುವವರಿಗೆಲ್ಲ ಇದೇ ಕಾಯಿಲೆ ಅಂತಲ್ಲ. ಹಳೆಯ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಲೇಬೇಡಿ.

ಗುಣವಾಗಲು ತಿಂಗಳುಗಳೇ ಬೇಕು. ಮರೆವು, ಸುಸ್ತು, ಬೇಗ ಸಿಟ್ಟು ಕೊನೆಗೆ ಹೋಗುವಂಥವು. ಕಾಯಿಲೆಯ ದಿನಗಳಲ್ಲಿ ಆಡಿದ ಮಾತು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ಅದನ್ನು ಎತ್ತಿ ಆಡಬೇಡಿ, ಬಂಧುಗಳ ಮುಂದೆ ಹೇಳಿ ನಗಬೇಡಿ. ನೂರಕ್ಕೆ ಸುಮಾರು 12 ಮಂದಿಗೆ ಎರಡು ವರ್ಷದೊಳಗೆ ಮರುಕಳಿಸಿದ್ದೂ ಇದೆ, ಹಾಗಾಗಿ ಚೆಕಪ್ ತಪ್ಪಿಸಬೇಡಿ.

‘ಮುಂದೆ ಮದುವೆ, ಮಕ್ಕಳು?’ ಎಂಬ ಚಿಂತೆ ತಾಯಂದಿರಿಗೆ ಸಹಜ. ಒಂದು ಅಂಡಾಶಯ ಚೆನ್ನಾಗಿದ್ದರೂ ಗರ್ಭ ಧರಿಸಬಹುದು. ಕೆಲವು ಔಷಧಿಗಳು ಅಂಡಾಶಯಕ್ಕೆ ತೊಂದರೆ ಕೊಡಬಹುದಾದ್ದರಿಂದ ಚಿಕಿತ್ಸೆಗೆ ಮುಂಚೆಯೇ ಈ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಮಗಳಿರಲಿ, ಸೊಸೆಯಿರಲಿ, ಆಕೆಯ ಪರವಾಗಿ ಕೇಳಬೇಕಾದವರು ಆ ಹೊತ್ತಿನಲ್ಲಿ ನೀವೇ.