ಗಾಳಿ ಫ್ಯಾನಿನ ಕೆಳಗ ಸತ್ತ ಬಾವಲಿ: ತೊಗರಿ ರೈತರು ಯಾಕ ಗಮನ ಕೊಡಬೇಕು?

ಕಲಬುರಗಿ: ಆಳಂದ, ಅಫಜಲಪುರ, ಜೇವರ್ಗಿ ಭಾಗದಲ್ಲಿ ಗಾಳಿ ವಿದ್ಯುತ್ ಮಾತು ಬಂದರೆ ಚಹಾದಂಗಡಿಯಲ್ಲಿ ನಡೆಯೋದು ಹೊಲದ ಬಾಡಿಗೆ, ಕೆಟ್ಟ ರಸ್ತೆಯ ಚರ್ಚೆ. ಬಾವಲಿ ಸುದ್ದಿ ಯಾರೂ ಎತ್ತೋದಿಲ್ಲ. ಎತ್ತಬೇಕಾದ ಕಾರಣ ತೊಗರಿ ಹೊಲದಲ್ಲೇ ಇದೆ.

ಹಳೆ ಗುಮ್ಮಟ, ಪಾಳು ವಾಡೆಗಳಲ್ಲಿ ಇರುವ ಸಣ್ಣ ಬಾವಲಿಗಳು ರಾತ್ರಿಯೆಲ್ಲ ಹುಳ ಹಿಡಿದು ತಿನ್ನುತ್ತವೆ. ತೊಗರಿ ಕಾಯಿಕೊರಕ ಕೀಡಿಯ ತಾಯಿ ಪತಂಗ ಹಾರಾಡೋದೂ ರಾತ್ರಿಯೇ. ಇದೇ ಕುಲದ ಪತಂಗಗಳನ್ನು ಬಾವಲಿ ತಿಂದು ಹತ್ತಿ ರೈತರ ಔಷಧ ಖರ್ಚು ಉಳಿಸುವುದು ಅಮೆರಿಕದ ಟೆಕ್ಸಾಸ್‌ನಲ್ಲಿ ದಾಖಲಾಗಿದೆ. ಬಾವಲಿ ಹೆಚ್ಚಾಗಿ ವರ್ಷಕ್ಕ ಒಂದೋ ಎರಡೋ ಮರಿ ಹಾಕ್ತದ. ಸತ್ತಷ್ಟು ಬೇಗ ಹುಟ್ಟೋದಿಲ್ಲ.

ಫ್ಯಾನು ನಿಧಾನ ತಿರುಗಿದಂತೆ ಕಂಡರೂ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ. ದಾಟುತ್ತದೆ. ಬಡಿತಕ್ಕೆ ಸಿಕ್ಕರೆ ಉಳಿಯೋ ಮಾತಿಲ್ಲ. ಗುಜರಾತಿನ ಕಚ್ ಜಿಲ್ಲೆಯಲ್ಲಿ ಹೀಗೆ ಬಾವಲಿ ಸತ್ತಿದ್ದನ್ನು ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದವರು 2013ರಲ್ಲೇ ಪ್ರಕಟಿಸಿದ್ದಾರೆ.

ಹಾಗಂತ ಫ್ಯಾನು ಕೀಳಬೇಕಿಲ್ಲ. ಬಾವಲಿ ಹೆಚ್ಚು ಹಾರೋದು ಗಾಳಿ ಕಡಿಮೆ ಇರುವ ರಾತ್ರಿ. ಸಾಮಾನ್ಯವಾಗಿ ಸೆಕೆಂಡಿಗೆ 3–4 ಮೀಟರ್ ಗಾಳಿಗೇ ಫ್ಯಾನು ಕರೆಂಟ್ ಕೊಡಲು ಶುರು ಮಾಡುತ್ತದೆ. ರಾತ್ರಿ ಹೊತ್ತು ಗಾಳಿ 5 ಮೀಟರ್ ದಾಟುವವರೆಗೆ ರೆಕ್ಕೆ ಹೊರಳಿಸಿ ನಿಲ್ಲಿಸಿದರೆ ಸಾಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೀಗೆ ಮಾಡಿ ನೋಡಿದಾಗ ಸಾವು 44ರಿಂದ 93 ಶೇಕಡಾವರೆಗೆ ಇಳಿಯಿತು; ವರ್ಷದ ಉತ್ಪಾದನೆಯಲ್ಲಿ ನಷ್ಟ ಶೇ. 1ರೊಳಗೇ. ಲೆಕ್ಕ ಸರಳ: ಗಾಳಿ ಅರ್ಧಕ್ಕ ಇಳಿದರ ಅದರ ಶಕ್ತಿ ಎಂಟನೇ ಒಂದು ಭಾಗಕ್ಕ ಬೀಳ್ತದ. ಮಂದಗಾಳಿಯಲ್ಲಿ ನಿಲ್ಲಿಸಿದರೆ ಕಂಪನಿ ಕಳಕೊಳ್ಳೋದು ಚಿಲ್ಲರೆ.

ಆದರೆ ಕೇಳೋರು ಬೇಕಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆ ಇಲ್ಲ; ಹೀಗಾಗಿ ಆ ನಿಯಮದಡಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಲ್ಲ. ಉಳಿಯೋದು ಗ್ರಾಮಸಭೆ. ಅಲ್ಲಿ ಕೇಳಲು ಕೈಯಲ್ಲಿ ದಾಖಲೆ ಇರಬೇಕು. ಸತ್ತ ಬಾವಲಿಯನ್ನು ನಾಯಿ, ಕಾಗೆ ಬೆಳಗಾಗೋದರೊಳಗೇ ಎತ್ತಿಕೊಂಡು ಹೋಗ್ತಾವ, ಅದಕ್ಕೇ ಯಾರ ಕಣ್ಣಿಗೂ ಬೀಳೋದಿಲ್ಲ. ನಸುಕಿನಲ್ಲಿ ಹೊಲಕ್ಕೆ ಹೋದವರು ಕಂಬದ ಬುಡದಲ್ಲಿ ಕಂಡರೆ ಬರಿಗೈಲಿ ಮುಟ್ಟಬಾರದು, ರೋಗದ ಭಯ ಇದೆ. ಕಂಬದ ನಂಬರ್ ಸಮೇತ ಫೋಟೊ ತೆಗೆದು, ತಾರೀಖು ಬರೆದಿಟ್ಟು, ಪಂಚಾಯಿತಿಗೂ ಅರಣ್ಯ ಇಲಾಖೆಯ ವಲಯ ಕಚೇರಿಗೂ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು.